ಮಂಗಳೂರಿನಲ್ಲಿ ಎರಡು ದಿನ: ಯಾವ ಹೊತ್ತಿಗೆ ಏನು ತಿನ್ನೋದು?

ಪ್ರಶ್ನೆ: ಮುಂದಿನ ತಿಂಗಳು ಒಂದು ಶನಿವಾರ, ಭಾನುವಾರ ಮಂಗಳೂರಿಗೆ ಹೊರಟಿದ್ದೇವೆ. ನಾನು, ನನ್ನ ಗಂಡ, ಎಂಟು ವರ್ಷದ ಮಗ, ಜೊತೆಗೆ ಅತ್ತೆ. ಅತ್ತೆ ಮೀನು, ಮಾಂಸ ಬಿಟ್ಟು ಬಹಳ ವರ್ಷ ಆಯಿತು. ಮಗನಿಗೆ ಖಾರ ಆಗೋದಿಲ್ಲ. ಹಿಂದೆ ಬೇರೆ ಊರಿಗೆ ಹೋದಾಗ ಮೊಬೈಲ್‌ನಲ್ಲಿ ಸ್ಟಾರ್ ನೋಡಿ ನೋಡಿ ಹೋಟೆಲ್ ಹುಡುಕಿದೆವು. ಕೊನೆಗೆ ತಿಂದಿದ್ದು ಗೋಬಿ ಮಂಚೂರಿ, ಫ್ರೈಡ್ ರೈಸ್. ಈ ಸಲ ಆ ಊರಿನ ಊಟವನ್ನೇ ತಿನ್ನಬೇಕು ಅಂತ ಆಸೆ. ಎಲ್ಲಿಗೆ ಹೋಗಬೇಕು?
– ದಾವಣಗೆರೆಯ ಓದುಗರು

ಉತ್ತರ: ಎಲ್ಲಿಗೆ ಅನ್ನೋದಕ್ಕಿಂತ ಯಾವ ಹೊತ್ತಿಗೆ ಅನ್ನೋದನ್ನು ಮೊದಲು ನೋಡಿ. ಮಂಗಳೂರಿನ ತಿಂಡಿ, ಊಟಕ್ಕೆಲ್ಲ ಅದರದ್ದೇ ಹೊತ್ತು ಇದೆ. ಬೆಳಗಿನ ಬನ್ಸ್ ಸಂಜೆಗೆ ಸಿಕ್ಕರೂ ಆ ರುಚಿ ಇರುವುದಿಲ್ಲ. ಮಧ್ಯಾಹ್ನ ಹೆಸರುವಾಸಿಯಾದ ಮೀನೂಟದ ಹೋಟೆಲ್‌ಗೆ ಮೂರು ಗಂಟೆಗೆ ಹೋದರೆ ಒಳ್ಳೆಯ ಮೀನು ಅಷ್ಟರಲ್ಲಿ ಖಾಲಿ. ದೊಡ್ಡ ಹೆಸರಿನ ಜಾಗಕ್ಕೆ ತಪ್ಪು ಹೊತ್ತಿಗೆ ಹೋಗುವುದಕ್ಕಿಂತ, ಸಾಧಾರಣ ಜಾಗಕ್ಕೆ ಸರಿಯಾದ ಹೊತ್ತಿಗೆ ಹೋಗುವುದೇ ಮೇಲು.

ಶನಿವಾರ ಬೆಳಗ್ಗೆ ಬಸ್ಸಿಳಿದು ಸ್ನಾನ ಮುಗಿಸಿ ಎಂಟರ ಹೊತ್ತಿಗೆ ಹೊರಡಿ. ಹಂಪನಕಟ್ಟೆ, ಕೊಡಿಯಾಲ್‌ಬೈಲ್, ಕಾರ್‌ಸ್ಟ್ರೀಟ್ ಸುತ್ತಮುತ್ತ ಹಳೆಯ ಸಸ್ಯಾಹಾರಿ ಹೋಟೆಲ್‌ಗಳಿವೆ. ಕೊಡಿಯಾಲ್‌ಬೈಲಿನ ನ್ಯೂ ತಾಜ್ ಮಹಲ್ ಅಂಥದ್ದೊಂದು. ಇಲ್ಲಿ ಇಡ್ಲಿ, ಮಸಾಲೆ ದೋಸೆ ಬಿಟ್ಟು ಬನ್ಸ್ ಕೇಳಿ. ಚೆನ್ನಾಗಿ ಕಳಿತ ಬಾಳೆಹಣ್ಣು, ಮೊಸರು, ಸ್ವಲ್ಪ ಸಕ್ಕರೆ, ಜೀರಿಗೆ ಹಾಕಿ ಮೈದಾ ಕಲಸಿ, ಹಿಟ್ಟನ್ನು ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಕರಿಯುತ್ತಾರೆ. ಬಿಸಿ ಇದ್ದಾಗ ಮುರಿದರೆ ಒಳಗೆ ಜಾಲರಿ ಜಾಲರಿಯಾಗಿ ತೆರೆದುಕೊಳ್ಳುತ್ತದೆ. ಸಿಹಿ ಬನ್ಸ್, ಖಾರದ ಚಟ್ನಿ, ಎರಡೂ ಒಟ್ಟಿಗೆ ಬಾಯಿಗೆ ಹೋಗಬೇಕು. ನಿಮ್ಮ ಮಗನಿಗೆ ಚಟ್ನಿ ಇಲ್ಲದೆಯೂ ಇಷ್ಟ ಆಗುತ್ತದೆ. ಅತ್ತೆಯವರಿಗೆ ಕಾಫಿ ಬದಲು ಒಂದು ಲೋಟ ಕಷಾಯ ಹೇಳಿ. ಕೊತ್ತಂಬರಿ, ಜೀರಿಗೆ ಹುರಿದು ಮಾಡಿದ ಪುಡಿಗೆ ಬೆಲ್ಲ, ಹಾಲು ಹಾಕಿದ್ದು. ರಾತ್ರಿ ಪ್ರಯಾಣದ ಆಯಾಸಕ್ಕೆ ಬಹಳ ಹಿತ. ತಿಂಡಿ ಅಷ್ಟಕ್ಕೇ ನಿಲ್ಲಿಸಿ, ಮಧ್ಯಾಹ್ನಕ್ಕೆ ಹಸಿವು ಬೇಕು.

ಈಗ ಮೀನೂಟ. ನಿಮ್ಮ ಮನೆಯವರಿಗೆ ಇದೇ ಮುಖ್ಯ ಊಟ ಅಲ್ವಾ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹನ್ನೆರಡೂವರೆಗೆ ಹೋಟೆಲ್ ಬಾಗಿಲಲ್ಲಿರಿ. ಬಂದರು ಕಡೆಯ ನಾರಾಯಣ, ಕಾರ್‌ಸ್ಟ್ರೀಟ್ ಬಳಿಯ ಗಿರಿ ಮಂಜಾಸ್ ಊರಿಗೆಲ್ಲ ಗೊತ್ತಿರುವ ಹೆಸರು. ಜನ ಜಾಸ್ತಿ, ಜಾಗ ಕಡಿಮೆ, ನಿಂತು ಕಾಯಬೇಕು. ಯಾರದೋ ಪಕ್ಕದಲ್ಲಿ ಕೂರಬೇಕಾಗಬಹುದು. ಅದಕ್ಕೆ ಬೇಸರ ಬೇಡ. ಭಾನುವಾರ ಬಾಗಿಲು ಹಾಕುವ ಸಣ್ಣ ಹೋಟೆಲ್‌ಗಳೂ ಇರುತ್ತವೆ. ಆದ್ದರಿಂದ ಮೀನೂಟ ಶನಿವಾರವೇ ಮುಗಿಸಿ.

ಕೂತ ಕೂಡಲೇ "ಬಾಯಿಲ್ಡಾ, ವೈಟಾ?" ಅಂತ ಕೇಳುತ್ತಾರೆ. ಕುಚ್ಚಲಕ್ಕಿ ಅನ್ನ ಬೇಕಾ, ಬೆಳ್ತಿಗೆ ಬೇಕಾ ಅಂತ. ಕುಚ್ಚಲಕ್ಕಿಯನ್ನೇ ಹೇಳಿ. ಕಾಳು ದಪ್ಪ, ಸ್ವಲ್ಪ ಅಗಿಯಬೇಕು, ಆದರೆ ಮೀನು ಸಾರನ್ನು ಅದು ಹಿಡಿದುಕೊಳ್ಳುವಂತೆ ಬೆಳ್ತಿಗೆ ಹಿಡಿಯುವುದಿಲ್ಲ. ಬಯಲುಸೀಮೆಯವರಿಗೆ ಹೊಟ್ಟೆ ಬೇಗ ತುಂಬಿದ ಹಾಗೆ ಆಗುತ್ತದೆ. ಹಾಗಾಗಿ ಮೊದಲ ಸಲ ಸ್ವಲ್ಪವೇ ಹಾಕಿಸಿಕೊಳ್ಳಿ. ಊಟದ ಜೊತೆ ಸಾರು, ಪಲ್ಯ, ಉಪ್ಪಿನಕಾಯಿ ಬರುತ್ತದೆ. ಫ್ರೈ ಬೇರೆ ಹೇಳಬೇಕು. ಕೆಲವು ಕಡೆ ಮಸಾಲೆ ಹಚ್ಚಿದ ಮೀನಿನ ತಟ್ಟೆಯನ್ನೇ ಟೇಬಲ್‌ಗೆ ತಂದು ತೋರಿಸುತ್ತಾರೆ. ಆಗ ನಾಚಿಕೊಳ್ಳದೆ ಬೆರಳು ತೋರಿಸಿ ದರ ಕೇಳಿ. ಮೆನುವಿನಲ್ಲಿ "ಎ.ಪಿ.ಎಸ್." ಅಂತ ಬರೆದಿದ್ದರೆ ಮೀನಿನ ಗಾತ್ರ ನೋಡಿ ದರ ಎಂದರ್ಥ. ಅಂಜಲ್, ಮಾಂಜಿ, ಕಾಣೆ ದರ ದಿನಾ ಬದಲಾಗುತ್ತದೆ. ದರ ಕೇಳಿ ಹೇಳುವುದು ಅಲ್ಲಿ ದಿನನಿತ್ಯದ ಮಾತು, ಯಾರೂ ತಪ್ಪು ತಿಳಿಯುವುದಿಲ್ಲ.

ಮಗನಿಗೆ ಅಂಜಲ್ ತುಂಡು ಅಥವಾ ಕಾಣೆ ರವಾ ಫ್ರೈ ಹೇಳಿ. ಎರಡರಲ್ಲೂ ಮುಳ್ಳಿನ ಕಾಟ ಕಡಿಮೆ. ಕಾಣೆಯ ನಡುಮುಳ್ಳು ಎತ್ತಿ ತೆಗೆದರೆ ಉಳಿದದ್ದು ಮಗು ಸಲೀಸಾಗಿ ತಿನ್ನುತ್ತದೆ. ಮಸಾಲೆ ಖಾರ ಅನ್ನಿಸಿದರೆ ಮೇಲಿನ ರವೆಯ ಪದರ ನೀವು ತಿಂದು, ಒಳಗಿನ ಬಿಳಿ ಭಾಗ ಅವನಿಗೆ ಕೊಡಿ. ನಿಮಗಿಬ್ಬರಿಗೆ ನನ್ನ ಸಲಹೆ ಬಂಗುಡೆ ಪುಳಿಮುಂಚಿ. ತೆಂಗಿನಕಾಯಿ ಇಲ್ಲದೆ ಹುಣಸೆಹುಳಿ, ಒಣಮೆಣಸಿನಲ್ಲೇ ನಿಲ್ಲುವ ಗಟ್ಟಿ ಪದಾರ್ಥ. ದುಬಾರಿ ಮೀನಿಗಿಂತ ಬಂಗುಡೆ, ಬೂತಾಯಿಯಲ್ಲೇ ಈ ಕರಾವಳಿಯ ರುಚಿ ಇದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಬೂತಾಯಿಗೆ ಮುಳ್ಳು ಜಾಸ್ತಿ, ನಿಧಾನವಾಗಿ ತಿನ್ನಿ.

ಅತ್ತೆಯವರನ್ನು ಈ ಹೋಟೆಲ್‌ಗೆ ಕರೆದುಕೊಂಡು ಹೋಗಿ "ಅನ್ನ, ಪಲ್ಯ ಇದೆಯಲ್ಲ" ಅನ್ನಬೇಡಿ. ಮೀನಿನ ವಾಸನೆ ಅವರಿಗೆ ಹಿಂಸೆ. ಗಂಡ, ಮಗ ಮೊದಲು ಮೀನೂಟಕ್ಕೆ ಹೋಗಲಿ, ಆ ಹೊತ್ತಿಗೆ ನೀವು ಅತ್ತೆಯವರ ಜೊತೆ ಹತ್ತಿರದ ಸಸ್ಯಾಹಾರಿ ಹೋಟೆಲ್‌ನಲ್ಲಿರಿ. ಅವರು ಊಟ ಮುಗಿಸಿ ಬಂದ ಕೂಡಲೇ ನೀವು ಮೀನೂಟಕ್ಕೆ ಹೋಗಿ.

ಸಂಜೆ ನಾಲ್ಕೂವರೆಗೆ ಗೋಳಿಬಜೆ. ಬೆಂಗಳೂರು ಕಡೆ ಮಂಗಳೂರು ಬಜ್ಜಿ ಅನ್ನುತ್ತಾರಲ್ಲ, ಅದೇ. ಹುಳಿ ಮೊಸರಿನ ಹಿಟ್ಟು, ನಡುನಡುವೆ ಶುಂಠಿ, ಹಸಿಮೆಣಸು, ಕಾಯಿಚೂರು. ಬಾಣಲೆಯಿಂದ ಇಳಿದು ಹತ್ತು ನಿಮಿಷದೊಳಗೆ ತಿನ್ನಬೇಕು. ಗಾಜಿನ ಪೆಟ್ಟಿಗೆಯಲ್ಲಿ ಮೊದಲೇ ಇಟ್ಟಿದ್ದರೆ ಬೇಡ ಅನ್ನಿ.

ರಾತ್ರಿಗೆ ಕೋರಿ ರೊಟ್ಟಿ. ನಿಮ್ಮ ಕಡೆಯ ಜೋಳದ ರೊಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಇದು ಕುಚ್ಚಲಕ್ಕಿಯಿಂದ ಮಾಡಿದ, ಕಾಗದದಷ್ಟು ತೆಳ್ಳಗಿನ, ಗರಿಗರಿ ಒಣ ರೊಟ್ಟಿ. ಮುರಿದು ತಟ್ಟೆಯಲ್ಲಿ ಹರಡಿ, ಮೇಲೆ ಬಿಸಿ ಕೋಳಿ ಗಸಿ, ಅಂದರೆ ಕೋಳಿ ಸಾರು ಸುರಿಯುತ್ತಾರೆ. ಎಲ್ಲ ರೊಟ್ಟಿಗೂ ಒಂದೇ ಸಲ ಸುರಿಯಬೇಡಿ. ಅರ್ಧಕ್ಕೆ ಹಾಕಿ, ಅರೆಕ್ಷಣ ಬಿಟ್ಟು ತಿನ್ನಿ. ಒಂದು ತುತ್ತು ಮೆತ್ತಗೆ, ಇನ್ನೊಂದು ಕುರುಕುರು. ಗಸಿಯ ಕೆಂಪು ನಿಮ್ಮ ಪಕ್ಕದ ಜಿಲ್ಲೆಯದೇ, ಬ್ಯಾಡಗಿ ಮೆಣಸಿನಕಾಯಿಯದು. ಬಣ್ಣ ನೋಡಿದರೆ ಹೆದರಿಕೆಯಾಗುತ್ತದೆ. ಆದರೆ ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಮೇಲೆ ತೆಂಗಿನಹಾಲು ಬೇರೆ. ಮಗನಿಗೆ ಒಂದು ತುತ್ತು ಕೊಟ್ಟು ನೋಡಿ. ಬೇಡ ಅಂದರೆ ನೀರ್ ದೋಸೆ, ಕಾಯಿ-ಬೆಲ್ಲ ಇದ್ದೇ ಇದೆ.

ಭಾನುವಾರ ಮಧ್ಯಾಹ್ನ ಅತ್ತೆಯವರದು. ಸುಮಾರು 25 ಕಿಲೋಮೀಟರ್ ದೂರದ ಕಟೀಲಿಗೆ ಹೋಗಿ, ದೇವಿಯ ದರ್ಶನ ಮಾಡಿ, ಅಲ್ಲೇ ಪ್ರಸಾದದ ಊಟ ಮಾಡಿ. ನಂದಿನಿ ನದಿಯ ನಡುವಿನ ದೇವಸ್ಥಾನ ಅದು. ಊಟ ಸರಳ, ರುಚಿ ದೊಡ್ಡದು. ನಗರದಲ್ಲೇ ಇರುವುದಾದರೆ ಕೊಂಕಣಿ ಅಡುಗೆ ಸಿಗುವ ಸಸ್ಯಾಹಾರಿ ಹೋಟೆಲ್ ಹುಡುಕಿ, ದಾಳಿತೋಯ್ (ಬೇಳೆ ಸಾರು), ಕಡ್ಲೆ-ಮನೋಳಿ ಪಲ್ಯ ಇದೆಯಾ ಅಂತ ಕೇಳಿ. ಮನೋಳಿ ಅಂದರೆ ತೊಂಡೆಕಾಯಿ.

ಹೊರಡುವ ಮುಂಚೆ ಐಡಿಯಲ್‌ನಲ್ಲಿ ಗಡ್‌ಬಡ್. 1975ರಲ್ಲಿ ಶುರುವಾದ ಐಸ್‌ಕ್ರೀಂ ಮನೆ ಅದು. ಉದ್ದ ಗ್ಲಾಸು, ಬೇರೆ ಬೇರೆ ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಗೋಡಂಬಿ. ನಿಮ್ಮ ಮಗನಿಗೆ ಊರಿನ ನೆನಪು ಇದರಿಂದಲೇ ಉಳಿಯಬಹುದು. ನಾಲ್ವರಿಗೆ ಎರಡು ಸಾಕು.

ಪ್ರಶ್ನೆ: ರಜೆ ಸಿಗುವುದೇ ಜುಲೈಯಲ್ಲಿ. ಆಗ ಮಂಗಳೂರಿಗೆ ಹೋದರೆ ಮೀನೇ ಸಿಗುವುದಿಲ್ಲ ಅನ್ನುತ್ತಾರೆ. ಹೋಗೋದು ದಂಡನಾ?
– ತುಮಕೂರಿನ ಓದುಗರು

ಉತ್ತರ: ಖಂಡಿತ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಅಂತ ಈ ನಿಷೇಧ. ನಾಡದೋಣಿಯವರು ಹಿಡಿದದ್ದು ಅಷ್ಟಿಷ್ಟು ಬರುತ್ತದೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆ ಕಡೆಯ ಮೀನೂ ಲಾರಿಯಲ್ಲಿ ಬರುತ್ತದೆ. ಆದರೆ ದರ ಜಾಸ್ತಿ, ಐಸ್‌ನಲ್ಲಿಟ್ಟು ತಂದದ್ದು. ಆ ತಿಂಗಳಲ್ಲಿ ಮೀನಿನ ಹಿಂದೆ ಬೀಳಬೇಡಿ.

ಬೇರೆ ತಿಂಗಳಲ್ಲಿ ಹೋದವರಿಗೆ ಸುಲಭಕ್ಕೆ ಸಿಗದ ಊಟ ಆಗ ಇರುತ್ತದೆ. ಜುಲೈ ನಡುವಿನಿಂದ ತುಳುನಾಡಿನಲ್ಲಿ ಆಟಿ ತಿಂಗಳು. ಮಳೆಗೆ ಎದ್ದ ಕೆಸುವಿನೆಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ಹಲಸಿನ ಬೀಜ ಹಾಕಿದ ಸಾರು, ಒಣಮೀನಿನ ಚಟ್ನಿ. ಪತ್ರೊಡೆ ಹಬೆಯಲ್ಲಿ ಬೇಯಿಸಿದ್ದನ್ನೇ ಮೊದಲು ತಿನ್ನಿ, ಮೇಲೆ ತೆಂಗಿನೆಣ್ಣೆ ಹಾಕಿಕೊಂಡು. ಕೆಸುವಿಗೆ ಗಂಟಲು ತುರಿಸುತ್ತದೆ ಅಂತ ಭಯ ಬೇಡ, ಹುಣಸೆಹುಳಿ ಅದಕ್ಕೇ ಹಾಕುವುದು. ಆಟಿಯಲ್ಲಿ ಸಂಘ ಸಂಸ್ಥೆಗಳು ಅಲ್ಲಲ್ಲಿ ಆಟಿಯ ಊಟದ ಕಾರ್ಯಕ್ರಮ ಮಾಡುತ್ತವೆ. ಉಳಿದುಕೊಂಡ ಲಾಡ್ಜ್‌ನಲ್ಲಿ ವಿಚಾರಿಸಿ, ಆ ವಾರದ ಸ್ಥಳೀಯ ಪತ್ರಿಕೆ ನೋಡಿ. ಮನೆ ಅಡುಗೆಗೆ ಹತ್ತಿರದ ರುಚಿ ಅಲ್ಲಿ ಸಿಗುತ್ತದೆ.

ಪ್ರಶ್ನೆ: ಮಂಗಳೂರಿನಿಂದ ಮನೆಗೆ ತಿನ್ನುವುದಕ್ಕೆ ಏನು ತರಬಹುದು?
– ಹಾಸನದ ಓದುಗರು

ಉತ್ತರ: ಕೋರಿ ರೊಟ್ಟಿಗೆ ಬಳಸುವ ಒಣ ರೊಟ್ಟಿಯ ಪ್ಯಾಕೆಟ್ ತನ್ನಿ, ಬಹಳ ದಿನ ಕೆಡುವುದಿಲ್ಲ. ಆದರೆ ಸೂಟ್‌ಕೇಸ್‌ನಲ್ಲಿ ಹಾಕಬೇಡಿ, ಪುಡಿಯಾಗುತ್ತದೆ. ಕೈಯಲ್ಲೇ ಹಿಡಿದುಕೊಳ್ಳಿ. ಕ್ರೈಸ್ತರ ಅಡುಗೆಯ ಬಫಾಟ್ ಮಸಾಲೆ ಪುಡಿ ಸಿಕ್ಕರೆ ಒಂದು ಡಬ್ಬಿ ತನ್ನಿ. ಹಂದಿ ಮಾಂಸಕ್ಕೆ ಅದು ಹೆಸರುವಾಸಿ, ಆದರೆ ಕೋಳಿಗೆ, ಬಟಾಟೆಗೆ ಹಾಕಿದರೂ ಸೊಗಸು. ಒಣಮೀನು ತರುವುದಾದರೆ ಎರಡು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ, ಬಸ್ಸಿನ ಡಿಕ್ಕಿಯಲ್ಲಿಡಿ. ಹಸಿ ಮೀನನ್ನು ಐಸ್ ಹಾಕಿ ಥರ್ಮಾಕೋಲ್ ಡಬ್ಬಿಯಲ್ಲಿ ಕಟ್ಟಿಕೊಡುತ್ತಾರೆ. ಹಾಸನಕ್ಕೆ ಆರೇಳು ಗಂಟೆಯೊಳಗೆ ಮುಟ್ಟುವುದಾದರೆ ಮಾತ್ರ ತನ್ನಿ, ಮುಟ್ಟಿದ ದಿನವೇ ಅಡುಗೆ ಮಾಡಿ.