ಸೆನ್ಸರ್ ಎರಡು ಸಲ ಬದಲಾಯಿತು, ಚೆಕ್ ಲೈಟ್ ಮಾತ್ರ ಹೋಗಲಿಲ್ಲ

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 96 ಸಾವಿರ ಕಿ.ಮೀ. ಓಡಿದೆ. ಎರಡು ತಿಂಗಳಿಂದ ಚೆಕ್ ಲೈಟ್ ಬಂದು ಹೋಗಿ ಮಾಡುತ್ತಿದೆ. ಬಂದಾಗ ರೇಡಿಯೇಟರ್ ಫ್ಯಾನ್ ನಿಲ್ಲುವುದೇ ಇಲ್ಲ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಗಾಡಿ, ಹಾಸನಕ್ಕೆ ಹೋಗಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದರೆ ಒದ್ದಾಡುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಮೈಲೇಜ್ 17ರಿಂದ 13ಕ್ಕೆ ಇಳಿದಿದೆ. ಸ್ಕ್ಯಾನರ್‌ನಲ್ಲಿ ಪಿ0118 ಅನ್ನುವ ಕೋಡ್ ಬಂತು. ಗ್ಯಾರೇಜಿನವರು ಕೂಲೆಂಟ್ ಟೆಂಪರೇಚರ್ ಸೆನ್ಸರ್ ಬದಲಿಸಿದರು. ನಾಲ್ಕು ದಿನ ಸರಿಯಿತ್ತು. ಇನ್ನೊಂದು ಹಾಕಿದರು, ಒಂದು ವಾರ ಸರಿಯಿತ್ತು. ಈಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಅನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವಿದೆ: "ನಾಲ್ಕು ದಿನ ಸರಿಯಿತ್ತು." ಸೆನ್ಸರ್ ಬದಲಿಸುವಾಗ ಮೆಕ್ಯಾನಿಕ್ ತಿಳಿದು ಒಂದು ಕೆಲಸ ಮಾಡುತ್ತಾರೆ, ತಿಳಿಯದೆ ಇನ್ನೊಂದು. ತಿಳಿದು ಮಾಡುವುದು ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು. ತಿಳಿಯದೆ ಮಾಡುವುದು ಕಪ್ಲರ್ (ವೈರ್‌ಗಳನ್ನು ಸೆನ್ಸರ್‌ಗೆ ಸೇರಿಸುವ ಪ್ಲಗ್) ಎಳೆದು ಮತ್ತೆ ಒತ್ತುವುದು. ಆ ಎಳೆದು ಒತ್ತುವುದರಲ್ಲಿ ಒಳಗಿನ ತಗಡುಗಳು ಒಂದಕ್ಕೊಂದು ಉಜ್ಜಿ, ಕಿಲುಬು ಹೋಗಿ, ಕೆಲವು ದಿನ ಕರೆಂಟ್ ಸರಾಗವಾಗಿ ಹರಿಯುತ್ತದೆ. ನಿಮ್ಮ ಗಾಡಿಯನ್ನು ನಾಲ್ಕು ದಿನ ಓಡಿಸಿದ್ದು ಹೊಸ ಸೆನ್ಸರ್ ಅಲ್ಲ, ಈ ಉಜ್ಜಾಟ ಅಂತ ನನ್ನ ಅನುಮಾನ.

ಪಿ0118 ಅಂದರೆ "ಸೆನ್ಸರ್ ಕೆಟ್ಟಿದೆ" ಅಂತಲ್ಲ. ಆ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲಿದೆ ಅಂತ ಮಾತ್ರ. ಇಸಿಯು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಅದು ಸೆನ್ಸರ್ ಹೊಕ್ಕು, ಇನ್ನೊಂದು ವೈರ್‌ನಲ್ಲಿ ಅರ್ಥ್‌ಗೆ ಮರಳುತ್ತದೆ. ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಜೊತೆಗೆ ವೋಲ್ಟೇಜೂ ಇಳಿಯುತ್ತದೆ. ಸಾಮಾನ್ಯವಾಗಿ ತಣ್ಣಗಿನ ಇಂಜಿನ್‌ನಲ್ಲಿ ಎರಡೂವರೆ–ಮೂರು ವೋಲ್ಟ್, ಪೂರ್ತಿ ಬಿಸಿಯಾದಾಗ ಅರ್ಧ ವೋಲ್ಟ್‌ನ ಆಸುಪಾಸು. ದಾರಿ ಎಲ್ಲೇ ಕಡಿದರೂ, ಸೆನ್ಸರ್ ಒಳಗಾಗಲಿ, ಕಪ್ಲರ್‌ನಲ್ಲಾಗಲಿ, ಇಲಿ ಕಡಿದ ವೈರ್‌ನಲ್ಲಾಗಲಿ, ವೋಲ್ಟೇಜ್ 5ಕ್ಕೆ ಏರಿ ನಿಲ್ಲುತ್ತದೆ. ಆಗ ಸ್ಕ್ಯಾನರ್‌ನಲ್ಲಿ ಕಾಣುವುದು ಮೈನಸ್ 40 ಡಿಗ್ರಿ. (ಸೆಲ್ಸಿಯಸ್ ಇಟ್ಟುಕೊಂಡರೂ ಫ್ಯಾರನ್‌ಹೀಟ್ ಇಟ್ಟುಕೊಂಡರೂ ಅದೇ ಅಂಕಿ, ಎರಡು ಅಳತೆಗಳೂ ಕೂಡುವುದು ಅಲ್ಲೊಂದೇ ಕಡೆ.) ಸಕಲೇಶಪುರದಲ್ಲಿ ಮೈನಸ್ 40 ಇರಲಾರದು ಅಂತ ಇಸಿಯುಗೂ ಗೊತ್ತು. ಲೈಟ್ ಹಾಕಿ, ಇಂಜಿನ್ ಕಾಯದಿರಲಿ ಅಂತ ಫ್ಯಾನ್ ತಿರುಗಿಸುತ್ತಲೇ ಇರುತ್ತದೆ.

ಪೂರ್ತಿ ಕಡಿದಾಗ ಲೈಟ್ ಬರುತ್ತದೆ, ಸರಿ. ಅರ್ಧಂಬರ್ಧ ಕಡಿದಾಗ? ನಿಮ್ಮ ಮೈಲೇಜ್ ತಿಂದಿದ್ದು ಬಹುಶಃ ಅದು. ಸ್ವಲ್ಪ ಲೆಕ್ಕ ಮಾಡೋಣ. ಹೆಚ್ಚಿನ ಕಾರುಗಳ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 320 ಓಮ್ ತೋರಿಸುತ್ತದೆ. ಕಪ್ಲರ್‌ನ ಕಿಲುಬು ಇದಕ್ಕೆ 300 ಓಮ್ ಸೇರಿಸಿತು ಅನ್ನಿ. ಬೆಳಿಗ್ಗೆ 2,500 ಇದ್ದದ್ದು 2,800 ಆಯಿತು. ಇಸಿಯು 20ರ ಬದಲು 17 ಡಿಗ್ರಿ ಅಂದುಕೊಳ್ಳುತ್ತದೆ, ಸ್ಟಾರ್ಟ್‌ಗೆ ಏನೂ ತೊಂದರೆಯಿಲ್ಲ. ಹಾಸನ ತಲುಪಿದ ಮೇಲೆ 320 ಇರಬೇಕಾದದ್ದು 620 ಆಗಿರುತ್ತದೆ. 620 ಓಮ್ ಅಂದರೆ ಇಸಿಯು ಪಾಲಿಗೆ 60 ಡಿಗ್ರಿ. ಇಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ಅದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಅದೇ ಕಿಲುಬು, ಬೆಳಿಗ್ಗೆ ಮೂರು ಡಿಗ್ರಿ ಸುಳ್ಳು, ಮಧ್ಯಾಹ್ನ ಇಪ್ಪತ್ತು ಡಿಗ್ರಿ ಸುಳ್ಳು. ಬೆಳಿಗ್ಗೆ ಗ್ಯಾರೇಜಿಗೆ ಬಿಟ್ಟ ಗಾಡಿಯಲ್ಲಿ ಏನೂ ಸಿಗದಿರುವುದು ಇದಕ್ಕೇ.

ಹಾಗಾಗಿ ಪರೀಕ್ಷೆ ಬಿಸಿ ಇಂಜಿನ್‌ನಲ್ಲಿ, ತೊಂದರೆ ಇರುವಾಗಲೇ ಆಗಬೇಕು. ಮೊದಲ ನಿಯಮ: ಕಪ್ಲರ್ ಬಿಚ್ಚಬೇಡಿ. ಬಿಚ್ಚಿದರೆ ಉಜ್ಜಿ ಸರಿಯಾಗಿಬಿಡುತ್ತದೆ, ಕಳ್ಳ ಮತ್ತೆ ನಾಲ್ಕು ದಿನ ತಲೆಮರೆಸಿಕೊಳ್ಳುತ್ತಾನೆ. ಸ್ಕ್ಯಾನರ್‌ನಲ್ಲಿ ಕೂಲೆಂಟ್ ಟೆಂಪರೇಚರ್ ತೆರೆದಿಟ್ಟು, ಇಂಜಿನ್ ಐಡಲ್‌ನಲ್ಲಿ ಬಿಟ್ಟು, ಕಪ್ಲರ್ ಹಿಂದಿನ ವೈರ್‌ಗಳನ್ನು ಮೆಲ್ಲಗೆ ಅಲ್ಲಾಡಿಸಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ, ಶಾಲು, ತೋಳು ದೂರವಿರಲಿ. ಅಂಕಿ 85ರಿಂದ 60ಕ್ಕೆ ಹಾರಿ ಮತ್ತೆ 85ಕ್ಕೆ ಬಂದರೆ ಅಲ್ಲಿಗೆ ತೀರ್ಮಾನ. ನೀರು ಒಂದು ಸೆಕೆಂಡಿನಲ್ಲಿ 25 ಡಿಗ್ರಿ ಆರುವುದಿಲ್ಲ.

ಅಲ್ಲಾಡಿಸಿದರೂ ಅಂಕಿ ಮೈನಸ್ 40ರಲ್ಲೇ ಕೂತಿದ್ದರೆ ಆಗ ಕಪ್ಲರ್ ಬಿಚ್ಚಿ. ಕೀ ಆನ್ ಮಾಡಿ, ಕಪ್ಲರ್‌ನ ಎರಡು ತೂತುಗಳನ್ನು ತೆಳುವಾದ ವೈರ್ ತುಂಡಿನಿಂದ ಸೇರಿಸಿ. ಸೆನ್ಸರ್‌ಗೆ ಎರಡೇ ವೈರ್ ಇದ್ದರೆ ಮಾತ್ರ ಇದು. ಮೂರು ನಾಲ್ಕು ಇದ್ದರೆ ವೈರಿಂಗ್ ಚಿತ್ರ ನೋಡದೆ ಮುಟ್ಟಬೇಡಿ. ಅಂಕಿ ಒಮ್ಮೆಗೇ 120ರ ಮೇಲಕ್ಕೆ ಜಿಗಿದರೆ ವೈರೂ ಸರಿ, ಇಸಿಯುವೂ ಸರಿ. ಇನ್ನು ಉಳಿದದ್ದು ಕಪ್ಲರ್‌ನ ತಗಡು, ಇಲ್ಲವೇ ಸೆನ್ಸರ್. ಜಿಗಿಯದಿದ್ದರೆ ಸಿಗ್ನಲ್ ವೈರನ್ನು (ಇಸಿಯು 5 ವೋಲ್ಟ್ ಕಳಿಸುವ ವೈರ್) ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿ. ಈಗ ಜಿಗಿದರೆ ಸೆನ್ಸರ್‌ನ ಅರ್ಥ್ ವೈರ್ ಕಡಿದಿದೆ. ಈಗಲೂ ಇಲ್ಲ, ಆ ವೈರ್‌ನಲ್ಲಿ ಮಲ್ಟಿಮೀಟರ್ 5 ವೋಲ್ಟ್ ತೋರಿಸುತ್ತಲೂ ಇಲ್ಲ ಎಂದರೆ ಕಪ್ಲರ್‌ನಿಂದ ಇಸಿಯು ತನಕ ಅದೇ ವೈರ್ ಹುಡುಕಿಸಿ. ಅದೂ ನೆಟ್ಟಗಿದ್ದರೆ ಇಸಿಯು ಮಾತು ಬರಲಿ, ಅಲ್ಲಿಯತನಕ ಬೇಡ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಈ ವೈರ್‌ಗೆ ಹಿಡಿಯಲು ಬಿಡಬೇಡಿ. ಚೆನ್ನಾಗಿರುವ ಇಸಿಯು ಕೂಡ ಹೋದೀತು.

ಇನ್ನೊಂದು ವಿಷಯ. ಗ್ಯಾರೇಜಿನಿಂದ ಆ ಎರಡು ಹಳೆ ಸೆನ್ಸರ್ ಇಸ್ಕೊಂಡು ಬನ್ನಿ, ಬಿಸಾಡಿಲ್ಲದಿದ್ದರೆ. ಎರಡು ಕೆಲಸಕ್ಕೆ ಬರುತ್ತವೆ. ಒಂದು, ಪಾತ್ರೆಯಲ್ಲಿ ನೀರು ಕಾಯಿಸಿ, ಸೆನ್ಸರ್‌ನ ಲೋಹದ ತುದಿಯಷ್ಟೇ ಮುಳುಗಿಸಿ ಓಮ್ ಅಳೆಯಿರಿ. ತಣ್ಣೀರಿನಲ್ಲಿ ಎರಡೂವರೆ ಸಾವಿರದ ಹತ್ತಿರ, ಕುದಿಯುವಾಗ ಇನ್ನೂರರ ಹತ್ತಿರ ಬಂದು, ಮಧ್ಯೆ ಎಲ್ಲೂ ನೆಗೆಯದೆ ಇಳಿದರೆ ಅದು ಕೆಟ್ಟೇ ಇರಲಿಲ್ಲ. (ನಿಮ್ಮೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ನೀರು 97ಕ್ಕೇ ಕುದಿಯುತ್ತದೆ, ನೂರು ಅಂತ ಲೆಕ್ಕ ಹಿಡಿಯಬೇಡಿ.) ಎರಡು, ಹಳೆ ಸೆನ್ಸರನ್ನು ಒಡೆದು ಅದರ ಪಿನ್ ಒಂದನ್ನು ಕಪ್ಲರ್‌ನ ಎರಡೂ ತೂತಿಗೆ ಒಂದೊಂದಾಗಿ ತೂರಿಸಿ ಎಳೆಯಿರಿ. ಒಂದರಲ್ಲಿ ಬಿಗಿಯಾಗಿ ಕಚ್ಚಿ, ಇನ್ನೊಂದರಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟರೆ ಆ ತಗಡು ಬಾಯಿ ಬಿಟ್ಟಿದೆ. ಮಲ್ಟಿಮೀಟರಿನ ದಪ್ಪ ಕಡ್ಡಿಯನ್ನು ಯಾರೋ ಒಳಗೆ ತುರುಕಿದರೆ ಹೀಗಾಗುವುದುಂಟು.

ರಿಪೇರಿಗೆ ಹೆಚ್ಚು ಖರ್ಚಿಲ್ಲ. ವೈರ್ ಸಮೇತ ಹೊಸ ಕಪ್ಲರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಎರಡು ಬೆಸುಗೆ ಬೇರೆ ಬೇರೆ ಉದ್ದದಲ್ಲಿರಲಿ, ಮೇಲೆ ಹೀಟ್ ಸ್ಲೀವ್ ಬರಲಿ. ಬರೀ ತಿರುಚಿ ಟೇಪ್ ಸುತ್ತಿದರೆ ನಿಮ್ಮ ಕಡೆಯ ಒಂದು ಮಳೆಗಾಲ ತಾಳುವುದಿಲ್ಲ. ಹಾಗೆಯೇ ಬ್ಯಾಟರಿ ಸುತ್ತಮುತ್ತ ಕಣ್ಣಾಡಿಸಿ: ಕಾಫಿ ತೋಟದ ಪಕ್ಕ ನಿಲ್ಲುವ ಗಾಡಿಯ ಬೆಚ್ಚಗಿನ ಬಾನೆಟ್ ಅಂದರೆ ಇಲಿಗೆ ಅರಮನೆ. ವೈರ್ ಮೇಲಿನ ಪ್ಲಾಸ್ಟಿಕ್‌ನಲ್ಲಿ ಸಣ್ಣ ಹಲ್ಲಿನ ಗುರುತಿದ್ದರೂ ಒಳಗೆ ತಾಮ್ರ ಹಸಿರುಗಟ್ಟಿರಬಹುದು. ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕುವ ರೂಢಿಯಿದ್ದರೆ ಸೆನ್ಸರ್ ತುದಿಗೆ ಸುಣ್ಣ ಕಟ್ಟಿರುತ್ತದೆ, ಅದನ್ನೂ ನೋಡಿ. ನೋಡಲು ರೇಡಿಯೇಟರ್ ಮುಚ್ಚಳವನ್ನಾಗಲಿ ಸೆನ್ಸರನ್ನಾಗಲಿ ಬಿಸಿಯಿರುವಾಗ ಬಿಚ್ಚಬೇಡಿ.

ಕೆಲವರು ಸೆನ್ಸರ್ ಜಾಗಕ್ಕೆ ಒಂದು ರೆಸಿಸ್ಟರ್ ಸಿಕ್ಕಿಸಿ "ಲೈಟ್ ಹೋಯ್ತಲ್ಲ ಸಾರ್" ಅಂತ ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಇಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ ಹೋಗುವಾಗಲೂ ಇಸಿಯು 80 ಡಿಗ್ರಿ ಅಂತಲೇ ನಂಬಿ ಕೂತಿರುತ್ತದೆ.

ಪ್ರಶ್ನೆ: ಕೂಲೆಂಟ್ ಸೆನ್ಸರ್ ಹಾಕುವಾಗ ಅದರ ತಿರುಪಿನ ಮರೆಗೆ (ಥ್ರೆಡ್) ಟೆಫ್ಲಾನ್ ಟೇಪ್ ಸುತ್ತಬಹುದೇ?
– ಇನ್ನೊಬ್ಬ ಓದುಗರು, ದಾವಣಗೆರೆ

ಉತ್ತರ: ಎರಡು ವೈರ್ ಇರುವುದಾದರೆ ಸುತ್ತಿದರೂ ಅಂಕಿ ತಪ್ಪುವುದಿಲ್ಲ, ಅದರ ಅರ್ಥ್ ವೈರ್‌ನಲ್ಲೇ ಬರುತ್ತದೆ. ಆದರೆ ವಾಷರ್ ಅಥವಾ ಓ-ರಿಂಗ್ ಇದ್ದ ಮೇಲೆ ಟೇಪ್ ಯಾಕೆ? ಹಳೆ ಗಾಡಿಗಳಲ್ಲಿ ಮೀಟರ್ ಮುಳ್ಳಿಗೆ ಅಂತಲೇ ಒಂದೇ ವೈರ್‌ನ ಇನ್ನೊಂದು ಸೆನ್ಸರ್ ಇರುತ್ತದೆ. ಅದಕ್ಕೆ ಸುತ್ತಲೇಬೇಡಿ. ಅದರ ಅರ್ಥ್ ಸಿಗುವುದೇ ಆ ಮರೆಯಿಂದ. ಟೇಪ್ ಅಡ್ಡ ಬಂದರೆ ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗೇ ಇರುತ್ತದೆ.