ಪುಸ್ತಕ, ಸಿನಿಮಾ: ನೀವು ಕೇಳಿದ್ದು, ನಾನು ಹೇಳಿದ್ದು

ಪ್ರಶ್ನೆ: ಹತ್ತನೇ ಕ್ಲಾಸು ಮುಗಿದ ಮೇಲೆ ಪಠ್ಯ ಬಿಟ್ಟು ಬೇರೇನೂ ಓದಿಲ್ಲ. ಈಗ ಸರಕಾರಿ ನೌಕರಿ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಗೆಳೆಯನೊಬ್ಬ 700 ಪುಟದ ಕಾದಂಬರಿ ಕೊಟ್ಟು "ಇದನ್ನ ಓದದಿದ್ದರೆ ನೀನು ಓದಿದವನೇ ಅಲ್ಲ" ಅಂದ. ಎರಡು ತಿಂಗಳಾಯ್ತು, ಇನ್ನೂ 41ನೇ ಪುಟದಲ್ಲಿದ್ದೇನೆ. ಏನು ಮಾಡಲಿ ಸರ?
(ಓದುಗ, ಹಾವೇರಿ)

ವಾಪಸ್ ಕೊಟ್ಟುಬಿಡು ತಮ್ಮಾ. ಅವನು ಬೈದರೆ ನನ್ನ ಮೇಲೆ ಹಾಕು. ಜ್ವರ ಬಿಟ್ಟವನಿಗೆ ಮೊದಲ ದಿನವೇ ಯಾರಾದರೂ ಹೋಳಿಗೆ ಊಟ ಹಾಕುತ್ತಾರಾ? ಪುಸ್ತಕ ಚೆನ್ನಾಗಿರಬಹುದು, ನಿನ್ನ ಹೊತ್ತು ಇನ್ನೂ ಬಂದಿಲ್ಲ, ಅಷ್ಟೇ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ತಗೋ. 1980ರ ಕಾದಂಬರಿ, ತೆಳ್ಳಗಿದೆ. ಜೇನಿನ ಮಾತಿನಿಂದ ಶುರುವಾಗಿ, ಕಿವಿ ಅನ್ನೋ ನಾಯಿ, ಪ್ಯಾರ ಅನ್ನೋ ಆಳು, ಹಳ್ಳಿಯ ತರಲೆ ತಾಪತ್ರಯ ಎಲ್ಲವನ್ನೂ ಎಳೆದುಕೊಂಡು ಕೊನೆಗೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಒಂದು ಹಾರುವ ಓತಿ ಹುಡುಕುತ್ತಾ ಹೋಗುತ್ತದೆ. ಅದರಲ್ಲಿ ಮಂದಣ್ಣ ಅಂತ ಒಬ್ಬ ಇದ್ದಾನೆ. ಸರಕಾರಿ ನೌಕರಿ ಸಿಕ್ಕರೆ ಹೆಣ್ಣು ಕೊಡುತ್ತಾರೆ ಅಂತ ಒದ್ದಾಡುತ್ತಿರುತ್ತಾನೆ. ಅವನ ಸಂಕಟವನ್ನ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಊರವರ ಕಣ್ಣಿಗೆ ಅವನು ಉಂಡಾಡಿ. ದೊಡ್ಡ ವಿಜ್ಞಾನಿ ಕರ್ವಾಲೊ ಮಾತ್ರ ಅವನ ಮಾತನ್ನ ಕಿವಿಗೊಟ್ಟು ಕೇಳುತ್ತಾರೆ, ಕಾಡಿನಲ್ಲಿ ಅವನಿಗೆ ಕಾಣುವುದು ಬೇರೆಯವರಿಗೆ ಕಾಣಲ್ಲ ಅಂತ ಅವರಿಗೆ ಗೊತ್ತು. ನಾನು ಇದನ್ನ ಹುಬ್ಬಳ್ಳಿ ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಎರಡನೇ ಸಲ ಓದಿದೆ. ಜುಬಿಲಿ ಸರ್ಕಲ್ಲಿನಲ್ಲಿ ಹತ್ತಿದವನು ಹೊಸೂರಿನಲ್ಲಿ ಇಳಿಯೋದು ಮರೆತು ಮುಂದಿನ ಸ್ಟಾಪಿಗೆ ಹೋಗಿ ನಡೆದುಕೊಂಡು ಬಂದೆ.

ಪ್ರಶ್ನೆ: ಸಿನಿಮಾದಲ್ಲಿ ನಮ್ಮ ಕಡೆ ಮಾತು ಬಂತೆಂದರೆ ಅದು ಕಾಮಿಡಿಗೆ ಅಂತಲೇ ಲೆಕ್ಕ. ಪ್ರತಿ ಸಾಲಿಗೂ 'ಲೇ', 'ಮಗನ' ಹಚ್ಚಿದರೆ ಹುಬ್ಬಳ್ಳಿ ಭಾಷೆ ಆಯ್ತಾ? ಮರ್ಯಾದೆಯಿಂದ ನಮ್ಮ ಮಾತು ಬಳಸಿದ ಒಂದಾದರೂ ಸಿನಿಮಾ ಹೇಳಿ.
(ಓದುಗ, ಹಳೇ ಹುಬ್ಬಳ್ಳಿ)

ನಿಮ್ಮ ಸಿಟ್ಟು ನನ್ನದೂ ಹೌದು. ಎರಡು ಹೇಳುತ್ತೇನೆ, ಎರಡೂ ಟಿ.ಎಸ್. ನಾಗಾಭರಣ ನಿರ್ದೇಶಿಸಿದ್ದು. ಒಂದು 1990ರ 'ಸಂತ ಶಿಶುನಾಳ ಶರೀಫ'. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ಮಾಡಿದ್ದಾರೆ. ಹಾಡು ಎಲ್ಲರೂ ಕೇಳಿರುತ್ತೀರಿ. ಸಿನಿಮಾ ಮಧ್ಯೆ ಸ್ವಲ್ಪ ಎಳೆಯುತ್ತದೆ, ಅದೂ ನಿಜ. ಶಿಗ್ಗಾವಿ ಕಡೆಯ ಮಣ್ಣು, ಗುರು ಶಿಷ್ಯರ ಸಲಿಗೆ ಇವೆರಡಕ್ಕಾಗಿ ನೋಡಿ.

ಇನ್ನೊಂದು 1997ರ 'ನಾಗಮಂಡಲ'. ನಾನು ನಿಮಗೆ ಒತ್ತಿ ಹೇಳೋದು ಇದನ್ನ. ಸಂಭಾಷಣೆ ಗೋಪಾಲ ವಾಜಪೇಯಿಯವರದು. ಮದುವೆಯಾಗಿ ಬಂದ ರಾಣಿಯನ್ನ ಗಂಡ ಮನೆಯೊಳಗೆ ಹಾಕಿ ಹೊರಗಿಂದ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಅವನ ಬಾಯಲ್ಲಿ ನಮ್ಮ ಮಾತು ಎಷ್ಟು ಒಣಗಿ ಬರುತ್ತದೆ ನೋಡಿ. ಅದೇ ಮಾತು ರಾತ್ರಿ ಗಂಡನ ರೂಪದಲ್ಲಿ ಬರುವ ನಾಗಪ್ಪನ ಬಾಯಲ್ಲಿ ಬೆಣ್ಣೆ! ಎರಡೂ ಪ್ರಕಾಶ್ ರೈ ಅವರೇ. ಮುಖ ಅದೇ, ಭಾಷೆ ಅದೇ, ಏರಿಳಿತ ಮಾತ್ರ ಬೇರೆ. ರಾಣಿಗೆ ಗಲಿಬಿಲಿ ಆಗೋದು ಕಣ್ಣಿಂದಲ್ಲ, ಕಿವಿಯಿಂದ ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ನಮ್ಮ ಮಾತು ಜಗಳಕ್ಕೂ ನಗೆಗೂ ಮಾತ್ರ ಅಂದುಕೊಂಡವರನ್ನ ಈ ಸಿನಿಮಾ ಮುಂದೆ ಕೂರಿಸಬೇಕು.

ನೋಡಿದ ಮೇಲೆ ಈ ಸಿನಿಮಾಕ್ಕೆ ಮೂಲವಾದ ಕಾರ್ನಾಡರ ನಾಟಕವನ್ನೂ ಓದಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಹುಟ್ಟಿದ ನಾಟಕ ಅದು. ಒಮ್ಮೆ ಮುಗಿದ ಕತೆ ಮತ್ತೆ ಬೇರೆ ಥರ ಮುಗಿಯುತ್ತದೆ. ಹೇಗೆ ಅಂತ ನಾನು ಹೇಳಲ್ಲ.

ಪ್ರಶ್ನೆ: ನಮ್ಮ ಮಾವನವರು ದಿನಾ ಬೆಳಿಗ್ಗೆ ಕುಮಾರವ್ಯಾಸ ಭಾರತ ಓದುತ್ತಿದ್ದರು. ಅವರು ತೀರಿಕೊಂಡು ವರ್ಷವಾಯ್ತು. ಪುಸ್ತಕ ದೇವರ ಮನೆಯಲ್ಲೇ ಇದೆ. ನಾನು ಓದಬೇಕು ಅಂತ ತೆಗೆದರೆ ಎರಡು ಪದ್ಯಕ್ಕೇ ಸುಸ್ತು. ನಮ್ಮೂರಿನ ಕವಿ ನಮಗೇ ಅರ್ಥವಾಗದಿದ್ದರೆ ಹೇಗೆ?
(ಓದುಗರು, ಗದಗ)

ಅಕ್ಕಾ, ನೀವು ಮೊದಲ ಪುಟದಿಂದ ಶುರು ಮಾಡಿರುತ್ತೀರಿ. ಅದೇ ಎಡವಟ್ಟು. ಆದಿಪರ್ವವನ್ನ ಸದ್ಯಕ್ಕೆ ಬಿಡಿ. ನೇರವಾಗಿ ವಿರಾಟಪರ್ವಕ್ಕೆ ಹೋಗಿ, ಉತ್ತರಕುಮಾರನ ಭಾಗ ತೆಗೆಯಿರಿ. ಹೆಂಗಸರ ಮುಂದೆ ಕೂತು ಭೀಷ್ಮ ದ್ರೋಣರನ್ನೆಲ್ಲ ಚಿಟಿಕೆಯಲ್ಲಿ ಮುಗಿಸುತ್ತೇನೆ ಅಂತ ಕೊಚ್ಚಿಕೊಳ್ಳೋನು, ಕೌರವರ ಸೈನ್ಯ ಕಂಡದ್ದೇ ತಡ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿಯಬೇಕು. ಇಂಥವನು ನಮ್ಮ ಪ್ರತಿ ಓಣಿಯಲ್ಲೂ ಒಬ್ಬ ಇದ್ದಾನೆ.

ಇನ್ನೊಂದು ಮಾತು. ದಯವಿಟ್ಟು ಮನಸ್ಸಿನಲ್ಲೇ ಓದಬೇಡಿ, ಬಾಯಿ ಬಿಟ್ಟು ಓದಿ. ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದಲ್ಲಿ, ಅದಕ್ಕೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಹೆಜ್ಜೆ. ಮೂರನೇ ಮತ್ತು ಆರನೇ ಸಾಲು ಮಾತ್ರ ಉದ್ದ, ಅಲ್ಲಿ ದನಿ ತಾನಾಗಿ ಎಳೆಯುತ್ತದೆ. ಆ ಹೆಜ್ಜೆ ಸಿಕ್ಕರೆ ಪದ ಎಲ್ಲಿ ಒಡೆಯಬೇಕು ಅಂತ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ಗದ್ಯದ ಅರ್ಥ ಇರುವ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ. ಶ್ರಾವಣದಲ್ಲಿ ನಮ್ಮಜ್ಜ ಪಡಸಾಲೆಯಲ್ಲಿ ಕೂತು ಓದುವಾಗ ಪಕ್ಕದ ಮನೆಯ ಮುದುಕಿ ಬತ್ತಿ ಹೊಸೆಯುತ್ತಾ ಕೇಳುತ್ತಿದ್ದಳು. ಒಂದಕ್ಷರ ಬಾರದವಳು. ಉತ್ತರಕುಮಾರ ಓಡುವ ಪದ್ಯ ಬರುವ ಮೊದಲೇ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡುತ್ತಿದ್ದಳು, ಅಜ್ಜನಿಗೆ ಸಿಟ್ಟು ಬರುತ್ತಿತ್ತು.

ನಿಮಗೆ ವೀರನಾರಾಯಣ ಗುಡಿ ಹತ್ತಿರವೇ ಅಲ್ವಾ? ಮಿಂದು ಒದ್ದೆ ಬಟ್ಟೆಯಲ್ಲಿ ಕಂಬಕ್ಕೆ ಒರಗಿ ಕೂತು, ಬಟ್ಟೆ ಒಣಗುವವರೆಗೆ ಮಾತ್ರ ಕುಮಾರವ್ಯಾಸ ಬರೆಯುತ್ತಿದ್ದ ಅಂತ ಕತೆ ಹೇಳುತ್ತಾರಲ್ಲ, ಆ ಕಂಬದ ಹತ್ತಿರ ಒಂದು ಸಂಜೆ ಪುಸ್ತಕ ಹಿಡಿದು ಹೋಗಿ. ನೀವೂ ಅಷ್ಟೇ ಹೊತ್ತು ಓದಿದರೆ ಸಾಕು.

ಪ್ರಶ್ನೆ: ನೀವು ಹೇಳುವ ಪುಸ್ತಕಗಳ ಪಿಡಿಎಫ್ ಕಳಿಸ್ತೀರಾ?
(ಹಲವರು)

ಇಲ್ಲ. ಧಾರವಾಡದ ಸುಭಾಸ ರಸ್ತೆಗೆ ಬಂದು ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ. 1933ರಿಂದ ಪುಸ್ತಕ ತರುತ್ತಿರುವ ಸಂಸ್ಥೆ. ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದಿದ್ದು ಅಲ್ಲಿಂದಲೇ. ಪಿಡಿಎಫ್ ಹಂಚಿಕೊಂಡು ಕೂತಿದ್ದರೆ ಆ ಅಟ್ಟ ಇಷ್ಟು ದಿನ ನಿಲ್ಲುತ್ತಿತ್ತಾ?

ಪ್ರಶ್ನೆ: ಧಾರವಾಡದವಳಾಗಿ ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ. 'ನಾಕುತಂತಿ' ಕೊಂಡು ತಂದೆ, ಏನೂ ತಿಳಿಯಲಿಲ್ಲ.
(ಓದುಗಳು, ಧಾರವಾಡ)

ನಾಚಿಕೆ ಯಾಕೆ? ಕಾಲೇಜಿನಲ್ಲಿದ್ದಾಗ ನಾನೂ ಅದನ್ನೇ ತಂದು, ತಿಳಿಯದೆ, ತಿಳಿದವನ ಥರ ಎರಡು ವರ್ಷ ಓಡಾಡಿದೆ. ಜ್ಞಾನಪೀಠ ಬಂದ ಪುಸ್ತಕ ಅಂತ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಬೇಂದ್ರೆಯವರ 1937ರ 'ಸಖೀಗೀತ' ಓದಿ. ಗಂಡ ಹೆಂಡತಿಯ ಮುಂದೆ ಕೂತು ಬಾಳಿನ ಸಿಹಿ ಕಹಿ ಹೇಳಿಕೊಳ್ಳುವ ಕವಿತೆ. ಅದಕ್ಕಿಂತ ಹಿಂದಿನ 'ಗರಿ'ಯೂ ಆಗುತ್ತದೆ. ಗದಗದ ಅಕ್ಕನಿಗೆ ಹೇಳಿದ್ದೇ ನಿಮಗೂ: ಜೋರಾಗಿ ಓದಿ. ನಿಮ್ಮ ಬಾಯಲ್ಲಿ ಧಾರವಾಡದ ಎಳೆತ ಹೇಗೂ ಇದೆ, ಬೆಂಗಳೂರಿನವರು ಅದನ್ನ ಮೊದಲು ಕಲಿಯಬೇಕು. 'ನಾಕುತಂತಿ' ಕಪಾಟಿನಲ್ಲಿರಲಿ, ಎಲ್ಲಿಗೂ ಹೋಗಲ್ಲ.

ಪ್ರಶ್ನೆ: ಓದೋಕೆ ಒಯ್ದವರು ಪುಸ್ತಕ ವಾಪಸ್ ಕೊಡದಿದ್ದರೆ ಹೇಗೆ ಕೇಳೋದು?
(ಓದುಗ, ರೋಣ)

ಇದಕ್ಕೆ ಉತ್ತರ ಗೊತ್ತಿದ್ದರೆ ನಾನು 'ಕರ್ವಾಲೊ' ಮೂರು ಸಲ ಕೊಳ್ಳುತ್ತಿರಲಿಲ್ಲ. ಎರಡನೇ ಪ್ರತಿ ರಾಣೆಬೆನ್ನೂರಿನಲ್ಲಿ ನೆಂಟರ ಮನೆಯ ಟಿವಿ ಕೆಳಗೆ ಇದೆ. ಹೋದಾಗಲೆಲ್ಲ ಕಾಣುತ್ತದೆ. ಹೋದ ಸಲ ಧೈರ್ಯ ಮಾಡಿ ಕೈಗೆತ್ತಿಕೊಂಡೆ. "ಓದ್ರಿ ಓದ್ರಿ, ಭಾಳ ಛಲೋ ಐತಿ, ಆದ್ರ ವಾಪಸ್ ಕೊಡ್ರಿ ಮತ್ತ" ಅಂದರು.