ಫೋಟೊ 3 ಎಂಬಿ, ಮೆಮೊರಿ ಯಾಕೆ ತುಂಬಿತು?

ಪ್ರಶ್ನೆ: ಅಕ್ಕ, ನಾನು ಧಾರವಾಡದವನು, ಪುಣೆಯ ಚಿಂಚವಡದಲ್ಲಿದ್ದೇನೆ. ನಮ್ಮ ಕನ್ನಡ ಸಂಘದ ಹಳೇ ಫೋಟೊ, ಸ್ಮರಣ ಸಂಚಿಕೆಗಳನ್ನು ನೋಡಲು ವಿಂಡೋಸ್‌ಗೆ ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಭಾಷೆ ಸಿ ಶಾರ್ಪ್, ಪರದೆ ಕಟ್ಟಲು ಡಬ್ಲ್ಯೂಪಿಎಫ್, 32 ಬಿಟ್ ಪ್ರೋಗ್ರಾಮ್. ಒಂದೊಂದು ಜೆಪೆಗ್ ಫೋಟೊ 4000 × 3000 ಪಿಕ್ಸೆಲ್, ಆದರೆ ಬರೀ 3 ಎಂಬಿ. ಆಲ್ಬಮ್ ತೆರೆದರೆ 40 ಫೋಟೊ ಬರುವಷ್ಟರಲ್ಲಿ ಮೆಮೊರಿ ಸಾಲದು ಎಂದು ನಿಂತುಬಿಡುತ್ತದೆ. ಇನ್ನೊಂದು, 150 ಡಿಪಿಐನಲ್ಲಿ (ಇಂಚಿಗೆ 150 ಪಿಕ್ಸೆಲ್) ಸ್ಕ್ಯಾನ್ ಮಾಡಿದ ಸಂಚಿಕೆಯ ಪುಟಗಳನ್ನು ತಿರುಗಿಸಿ, ಅಂಚು ಕತ್ತರಿಸಿ ಸೇವ್ ಮಾಡಿದ ಹಾಗೆಲ್ಲ ಅಕ್ಷರ ಮಬ್ಬಾಗುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಅಕ್ಕ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

3 ಎಂಬಿ ಅನ್ನುವುದು ಡಿಸ್ಕಿನ ಲೆಕ್ಕ, ಜೆಪೆಗ್ ಕುಗ್ಗಿಸಿಟ್ಟ ಗಾತ್ರ. ಸ್ಕ್ರೀನಿಗೆ ತರಬೇಕಾದರೆ ಫೋಟೊವನ್ನು ಬಿಚ್ಚಲೇಬೇಕು. ಪೂರ್ತಿ ಬಿಚ್ಚಿದ ಮೇಲೆ ಒಂದು ಪಿಕ್ಸೆಲ್‌ಗೆ 4 ಬೈಟ್. 4000 × 3000 × 4 ಅಂದರೆ 48 ಎಂಬಿ. 40 ಫೋಟೊಗೆ 1,920 ಎಂಬಿ. ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವುದೇ 2 ಜಿಬಿ. ಸರಿಯಾಗಿ ಅಲ್ಲೇ ನಿಂತಿದೆ ನೋಡು. 64 ಬಿಟ್‌ಗೆ ಬದಲಾಯಿಸಿದರೆ ನಿಲ್ಲುವುದು ತಪ್ಪಬಹುದು. ಆದರೆ ಸಂಘದ ಆಫೀಸಿನ ಹಳೇ ಕಂಪ್ಯೂಟರ್ ತೆವಳುತ್ತದೆ.

ಆಲ್ಬಮ್‌ನಲ್ಲಿ ತೋರಿಸುವುದು ಚಿಕ್ಕ ಚಿತ್ರ ತಾನೆ? ಹಾಗಿದ್ದರೆ ಚಿಕ್ಕದಾಗಿಯೇ ಬಿಚ್ಚು. ಡಬ್ಲ್ಯೂಪಿಎಫ್‌ನಲ್ಲಿ ಚಿತ್ರ ತೆರೆಯುವ ಬಿಟ್‌ಮ್ಯಾಪ್‌ಇಮೇಜ್‌ನಲ್ಲಿ, ಎಷ್ಟು ಪಿಕ್ಸೆಲ್ ಅಗಲಕ್ಕೆ ಬಿಚ್ಚಬೇಕು ಎಂದು ಹೇಳಲು ಡಿಕೋಡ್‌ಪಿಕ್ಸೆಲ್‌ವಿಡ್ತ್ ಅಂತ ಇದೆ. ಎಂಡ್‌ಇನಿಟ್‌ಗೆ ಮೊದಲು ಅದಕ್ಕೆ 500 ಕೊಡು. ಎತ್ತರ ಕೊಡಬೇಡ, ಅದು ತಾನೇ ಹೊಂದಿಕೊಳ್ಳುತ್ತದೆ. ಆಗ ಒಂದು ಫೋಟೊಗೆ ಮುಕ್ಕಾಲು ಎಂಬಿ, ನಲವತ್ತಕ್ಕೆ 30 ಎಂಬಿ. ಕ್ಯಾಶ್‌ಆಪ್ಷನ್‌ಗೆ ಆನ್‌ಲೋಡ್ ಅಂತಲೂ ಕೊಡು, ಇಲ್ಲದಿದ್ದರೆ ಫೈಲನ್ನು ಹಿಡಿದುಕೊಂಡೇ ಇರುತ್ತದೆ. ಪೂರ್ತಿ ಗಾತ್ರದಲ್ಲಿ ಬಿಚ್ಚುವುದು ಬಳಕೆದಾರರು ಕ್ಲಿಕ್ ಮಾಡಿದ ಒಂದೇ ಫೋಟೊವನ್ನು.

500 ಅಂತ ಸುಮ್ನೆ ಹೇಳಲಿಲ್ಲ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದ ಮೊದಲ ಸಂಖ್ಯೆ ಆ ಚೌಕದ ಸರಾಸರಿ. ಎಂಟನೇ ಒಂದು ಪಾಲಿನ ಚಿತ್ರಕ್ಕೆ ಆ ಸರಾಸರಿಗಳಷ್ಟೇ ಸಾಕು, ಉಳಿದ ಲೆಕ್ಕ ಬಿಡಬಹುದು. 4000ದ ಎಂಟನೇ ಒಂದು ಪಾಲು 500.

ಮಬ್ಬಾಗುವುದಕ್ಕೂ ಅದೇ ಚೌಕಗಳು ಕಾರಣ. ಜೆಪೆಗ್ ಚೌಕದೊಳಗಿನ ಸಣ್ಣ ಸಣ್ಣ ಏರಿಳಿತಗಳನ್ನು ಸವರಿ ಹಾಕುತ್ತದೆ. ಮುಖ, ಆಕಾಶ, ಸೀರೆಯ ಬಣ್ಣದಲ್ಲಿ ಇದು ಕಣ್ಣಿಗೆ ಗೊತ್ತಾಗುವುದಿಲ್ಲ. ಅಕ್ಷರದಲ್ಲಿ ಗೊತ್ತಾಗುತ್ತದೆ. ನಿನ್ನ ಊರಿನ ಮೊದಲ ಅಕ್ಷರವನ್ನೇ ನೋಡು. ದ ಮತ್ತು ಧ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸೀಳು ಮಾತ್ರ. 150 ಡಿಪಿಐನಲ್ಲಿ ಅದು ಒಂದೆರಡು ಪಿಕ್ಸೆಲ್. ಪ್ರತಿ ಸಲ ಸೇವ್ ಮಾಡಿದಾಗಲೂ ಹೊಸದಾಗಿ ಸವರುತ್ತದೆ. ಅಂಚು ಕತ್ತರಿಸಿದರೆ ಚೌಕಗಳ ಗೆರೆಯೇ ಸರಿಯುತ್ತದೆ, ನಷ್ಟ ಇನ್ನೂ ಜಾಸ್ತಿ. ನಾಲ್ಕೈದು ಸಲ ಆದ ಮೇಲೆ ಸೀಳು ಮುಚ್ಚಿಹೋಗಿ ಧಾರವಾಡ ದಾರವಾಡ ಆಗಬಹುದು.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಅಪ್ಪ ಹಗಲು ಹೋಟೆಲಿನಲ್ಲಿ ದುಡಿದು, ಮುಂಬೈನ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರ ತರಗತಿಯ ಒಂದೇ ಒಂದು ಗ್ರೂಪ್ ಫೋಟೊ ನಮ್ಮಲ್ಲಿತ್ತು. ಹಿಂದಿನ ಕಪ್ಪು ಹಲಗೆಯ ಮೇಲೆ ಮೇಷ್ಟರು ಬರೆದ ಎರಡು ಸಾಲು. ನಾನು ಸ್ಕ್ಯಾನ್ ಮಾಡಿ, ತಿರುಗಿಸಿ ಸೇವ್, ಕತ್ತರಿಸಿ ಸೇವ್, ಬೆಳಕು ಹೆಚ್ಚಿಸಿ ಸೇವ್, ಎಲ್ಲ ಅದೇ ಜೆಪೆಗ್ ಫೈಲಿನ ಮೇಲೆ. ಮುಂದಿನ ಮಳೆಗಾಲದಲ್ಲಿ ಗೋಡೆ ಒಸರಿ ಫೋಟೊಗೆ ಬೂಷ್ಟು ಹಿಡಿಯಿತು. ಅಪ್ಪನ ಮುಖ ಈಗಲೂ ಇದೆ. ಹಲಗೆಯ ಮೇಲೆ ಏನು ಬರೆದಿತ್ತು ಅಂತ ಓದಲು ಆಗುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಅಕ್ಷರ ಇರುವ ಪುಟಗಳನ್ನು 300 ಡಿಪಿಐನಲ್ಲಿ ಪಿಎನ್‌ಜಿಯಾಗಿ ಇಡು. ಪಿಎನ್‌ಜಿ ಕುಗ್ಗಿಸುತ್ತದೆ, ಆದರೆ ಏನನ್ನೂ ಬಿಸಾಡುವುದಿಲ್ಲ. ನೂರು ಸಲ ಸೇವ್ ಮಾಡಿದರೂ ಅದೇ ಪಿಕ್ಸೆಲ್. ಗ್ರೇ ಸಾಕು, ಬಣ್ಣ ಬೇಡ. ಬರೀ ಕಪ್ಪು-ಬಿಳುಪು ಮಾಡಿದರೆ ಫೈಲು ತುಂಬಾ ಚಿಕ್ಕದಾಗುತ್ತದೆ ನಿಜ, ಆದರೆ ಹಳೇ ಮೊಳೆ ಅಚ್ಚಿನ ಮಸುಕು ಅಕ್ಷರ ಅದರಲ್ಲಿ ಒಡೆದುಹೋಗುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಫೋಟೊಗಳು ಜೆಪೆಗ್‌ನಲ್ಲೇ ಇರಲಿ. ತಿರುಗಿಸಬೇಕಾದರೆ ಎಕ್ಸಿಫ್‌ನ (ಫೋಟೊ ಫೈಲಿನೊಳಗೇ ಇರುವ ಮಾಹಿತಿ) ದಿಕ್ಕಿನ ಸಂಖ್ಯೆ ಮಾತ್ರ ಬದಲಾಯಿಸು, ತೋರಿಸುವಾಗ ನಿನ್ನ ಪ್ರೋಗ್ರಾಮ್ ಆ ಸಂಖ್ಯೆ ಓದಿ ತಿರುಗಿಸಲಿ. ಮೂಲ ಫೈಲಿನ ಮೇಲೆ ಸೇವ್ ಮಾಡುವ ದಾರಿಯನ್ನೇ ಇಡಬೇಡ.

ಈಗಾಗಲೇ ಮಬ್ಬಾದ ಜೆಪೆಗ್ ಅನ್ನು ಪಿಎನ್‌ಜಿ ಮಾಡಿದರೆ ಹೋದದ್ದು ವಾಪಸ್ ಬರುವುದಿಲ್ಲ. ಸಂಚಿಕೆಗಳು ಇನ್ನೂ ಸಂಘದ ಕಪಾಟಿನಲ್ಲಿ ಇವೆ ಅಲ್ವಾ? ಮಳೆ ಶುರುವಾಗುವ ಮೊದಲು ಆ ಪುಟಗಳನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡು.